ಸಹಾಯ ಬೇಕು: ದಾನದ ದುಡ್ಡು, ಕ್ಲಬ್ ಖರ್ಚಿನ ದುಡ್ಡು ಬೇರೆ ಬೇರೆ ಇಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಸೇವಾ ಕ್ಲಬ್‌ಗೆ ಈ ವರ್ಷ ನಾನೇ ಖಜಾಂಚಿ. ಆಯ್ಕೆ ನಡೆದ ವಾರ ನಾನು ಸಭೆಗೆ ಹೋಗಿರಲಿಲ್ಲ, ಅದೇ ನನ್ನ ಅರ್ಹತೆ!

ಪ್ರತಿ ವಾರದ ಸಭೆಯಲ್ಲಿ ಒಂದು ಡಬ್ಬಿ ಸುತ್ತುತ್ತದೆ. ತಡವಾಗಿ ಬಂದವರ, ಮೊಬೈಲ್ ರಿಂಗಾದವರ ತಮಾಷೆ ದಂಡ ಅದಕ್ಕೇ. ಮಗಳು ಪಾಸಾದ ಖುಷಿಗೆ ಹಾಕುವ ನೋಟೂ ಅದಕ್ಕೇ. ಕಳೆದ ವಾರ ಕಣ್ಣಿನ ಶಿಬಿರಕ್ಕೆಂದು ಹೊರಗಿನವರೊಬ್ಬರು ಕೊಟ್ಟ ಲಕೋಟೆಯ ದುಡ್ಡನ್ನೂ ಸುಮ್ನೆ ಅದರಲ್ಲೇ ಸುರಿದುಬಿಟ್ಟೆ. ಮನೆಗೆ ಬಂದು ಎಣಿಸಲು ಕೂತರೆ ಯಾವುದು ಯಾವುದರದ್ದು ಅಂತ ಗೊತ್ತಾಗಲಿಲ್ಲ. ಲಕೋಟೆ ಮೇಲೆ ಮೊತ್ತ ಬರೆದಿದ್ದರು, ಪುಣ್ಯಕ್ಕೆ.

ಲಯನ್ಸ್ ಕ್ಲಬ್‌ಗಳ ಪದ್ಧತಿ ನನಗೆ ಹಿಡಿಸಿತು. ಅಲ್ಲಿ ಆಡಳಿತಕ್ಕೆ ಒಂದು, ಸೇವೆಗೆ ಒಂದು ಲೆಕ್ಕ. ಜನರಿಂದ ಎತ್ತಿದ ಹಣ ಜನರ ಕೆಲಸಕ್ಕೇ ಹೋಗಬೇಕು. ಕ್ಲಬ್ ನಡೆಸುವ ಖರ್ಚು ಸದಸ್ಯರ ಚಂದಾದಿಂದ. ನಿಧಿ ಸಂಗ್ರಹದ ಕಾರ್ಯಕ್ರಮಕ್ಕೆ ನೇರವಾಗಿ ಆದ ಖರ್ಚನ್ನು ಮಾತ್ರ ಆ ಹಣದಲ್ಲಿ ಕಳೆಯಬಹುದು. ನ್ಯಾಯವಾಗಿದೆ, ಅಲ್ವಾ?

ನಿಮ್ಮ ಕ್ಲಬ್‌ನಲ್ಲಿ ದಂಡದ ದುಡ್ಡನ್ನು ಯಾವ ಲೆಕ್ಕಕ್ಕೆ ಬರೆಯುತ್ತೀರಿ? ಎರಡು ರಸೀದಿ ಪುಸ್ತಕ ಇಟ್ಟವರಿದ್ದೀರಾ? ಸಭೆ ಮುಗಿದ ತಕ್ಷಣ, ಅಲ್ಲೇ, ಇಬ್ಬರು ಕೂತು ಎಣಿಸಿ ಸಹಿ ಹಾಕಬೇಕು ಅಂತ ನನ್ನ ಆಸೆ. ಹೇಳಿದರೆ ಹಿರಿಯರು "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತಾರೆ. ಅವರಿಗೆ ಬೇಜಾರಾಗದ ಹಾಗೆ ಈ ಮಾತು ಎತ್ತುವುದು ಹೇಗೆ? ಮುಂದಿನ ಸಭೆಯೊಳಗೆ ಯಾರಾದರೂ ತಿಳಿಸಿ.