ಉದ್ಯೋಗ ಖಾತರಿಯ ಅನುದಾನ ಕಡಿತ: ಏಟು ಬಿದ್ದದ್ದು ಎಲ್ಲಿ?

ಪ್ರಶ್ನೆ (ಡೊಂಬಿವಲಿ): 2022-23ರ ಪರಿಷ್ಕೃತ ಅಂದಾಜಿನಲ್ಲಿ ಸುಮಾರು 89,400 ಕೋಟಿ ರೂಪಾಯಿ ಇದ್ದ ನರೇಗಾ (ಗ್ರಾಮೀಣ ಉದ್ಯೋಗ ಖಾತರಿ ಯೋಜನೆ) ಅನುದಾನವನ್ನು ಮರುವರ್ಷದ ಕೇಂದ್ರ ಬಜೆಟ್ಟಿನಲ್ಲಿ 60,000 ಕೋಟಿಗೆ ಇಳಿಸಲಾಗಿತ್ತು. ಕೇಳಿದವರಿಗೆ ಕೆಲಸ ಕೊಡಲೇಬೇಕೆಂದು ಕಾನೂನೇ ಹೇಳಿದ್ದಾಗ ಇಂಥ ಕಡಿತಕ್ಕೆ ಅರ್ಥವೇನು? ಇಂಡಿ ತಾಲ್ಲೂಕಿನ ನಮ್ಮ ಊರಿನವರು ಇದನ್ನೇ ಕೇಳುತ್ತಾರೆ.

ಉತ್ತರ (ಪುಣೆ): ಮಾನ್ಯರೇ, ಹಕ್ಕು ಕಾಗದದ ಮೇಲೆ ಹಾಗೆಯೇ ಉಳಿಯಿತು, ಏಟು ಬಿದ್ದದ್ದು ಪಾವತಿಯ ಮೇಲೆ. ಹಳೆಯ ಬಾಕಿ ತೀರಿಸುವುದರಲ್ಲೇ ಹೊಸ ಅನುದಾನದ ಒಂದು ಪಾಲು ಕರಗಿ, ಹದಿನೈದು ದಿನದೊಳಗೆ ಬರಬೇಕಾದ ಕೂಲಿ ತಡವಾದಾಗ, ಹೊಲದ ಬದು ಹಾಕಿದವರು ಬ್ಯಾಂಕಿಗೆ ಅಲೆದು ಬೇಸತ್ತು ಮುಂದಿನ ಬಾರಿ ಕೆಲಸವನ್ನೇ ಕೇಳುವುದಿಲ್ಲ. ಆಮೇಲೆ ಬೇಡಿಕೆಯೇ ತಗ್ಗಿದೆಯೆಂಬ ಸಮಜಾಯಿಷಿ ಸಿದ್ಧವಾಗಿರುತ್ತದೆ. ಆ ವರ್ಷವೂ ಕೊನೆಗೆ ಅಂದಾಜನ್ನು 86,000 ಕೋಟಿಗೆ ಏರಿಸಬೇಕಾಯಿತು.

ಉತ್ತರ (ಮಾಟುಂಗಾ): ಮಹಾರಾಷ್ಟ್ರ ಹಿಡಿದ ದಾರಿ ಬೇರೆ. 1972ರ ಬರಗಾಲದಲ್ಲಿ ಬೆಳೆದ ರೋಜಗಾರ್ ಹಮಿ ಯೋಜನೆಗೆ, ಅಂದರೆ ಆ ರಾಜ್ಯದ್ದೇ ಉದ್ಯೋಗ ಖಾತರಿ ಯೋಜನೆಗೆ, ಹಣ ಒದಗಿಸಲೆಂದು 1975ರಲ್ಲಿ ವೃತ್ತಿ ತೆರಿಗೆ ಬಂತು. ನಮ್ಮ ಪಗಾರದ ಚೀಟಿಯಲ್ಲಿ ತಿಂಗಳಿಗೆ 200, ಫೆಬ್ರವರಿಯಲ್ಲಿ 300 ರೂಪಾಯಿ ಮುರಿದುಕೊಳ್ಳುವುದು ಅದೇ. ಗೊಣಗುತ್ತಲೇ ಕಟ್ಟುತ್ತೇವೆ, ಆ ಮಾತು ಬೇರೆ; ಯೋಜನೆಗೆ ತನ್ನದೇ ಆದಾಯವಿರುವುದು ವರ್ಷ ವರ್ಷದ ದಾಕ್ಷಿಣ್ಯಕ್ಕಿಂತ ಮೇಲು.

ಪ್ರಶ್ನೆ ಕೇಳಿದವರು: ತಡವಾದ ಕೂಲಿಗೆ ಪರಿಹಾರವಿರಲಿಲ್ಲವೇ?

ಉತ್ತರ (ಪುಣೆ): ಇತ್ತು. ದಿನಕ್ಕೆ ಶೇಕಡಾ 0.05, ಅಂದರೆ ನೂರು ರೂಪಾಯಿಗೆ ಐದು ಪೈಸೆ.