ರಾತ್ರಿ ಸಿರಪ್ ಕುಡಿಸಿ ಮಲಗಿಸಿದರೆ ಹಲ್ಲು ಸವೆಯುತ್ತಾ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಉಬ್ಬಸ ಇದೆ, ಒಂದು ವರ್ಷದಿಂದ ಒಂದಲ್ಲ ಒಂದು ಸಿರಪ್ ನಡೆಯುತ್ತಲೇ ಇದೆ, ಅದೂ ಹೆಚ್ಚಾಗಿ ರಾತ್ರಿ ಮಲಗುವ ಹೊತ್ತಿಗೆ. ಈಗ ಮುಂದಿನ ಹಲ್ಲುಗಳ ಹೊಳಪು ಹೋಗಿ ತುದಿ ಗಾಜಿನ ಥರ ತೆಳ್ಳಗಾಗಿದೆ. ಚಾಕಲೇಟ್ ಕೊಡುವುದೇ ಇಲ್ಲ. ಸಿರಪ್ಪಿಂದ ಹೀಗಾಗುತ್ತಾ? ನಿಲ್ಲಿಸಿಬಿಡಲಾ?

ಉತ್ತರ (ಮಕ್ಕಳ ಹಲ್ಲಿನ ಡಾಕ್ಟರ್): ದಯವಿಟ್ಟು ಔಷಧಿ ನಿಲ್ಲಿಸಬೇಡಿ. ಮಗುವಿನ ಉಸಿರು ಮೊದಲು, ಹಲ್ಲಿಗೆ ದಾರಿ ಇದೆ.

ಹೌದು, ಸಿರಪ್ಪೂ ಕಾರಣ ಇರಬಹುದು. ಎಲ್ಲರೂ ಸಕ್ಕರೆ ಒಂದನ್ನೇ ಬೈಯುತ್ತಾರೆ, ಆದರೆ ಎಷ್ಟೋ ಸಿರಪ್ಪುಗಳಲ್ಲಿ ಸಿಟ್ರಿಕ್ ಆಸಿಡ್ ಇರುತ್ತದೆ, ನಿಂಬೆಹಣ್ಣಿನ ಹುಳಿ ಅದೇ ಅಲ್ವಾ. ಬಾಯೊಳಗೆ ಪಿಎಚ್ (ಹುಳಿಯ ಅಳತೆ, ಇದು ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕರಗಲು ಶುರುವಾಗುತ್ತದೆ. ಹಾಲುಹಲ್ಲಿನ ಎನಾಮಲ್ ಮೊದಲೇ ತೆಳು. ಹಗಲಲ್ಲಿ ಎಂಜಲು ಆ ಹುಳಿಯನ್ನು ತೊಳೆದುಬಿಡುತ್ತದೆ, ನಿದ್ದೆಯಲ್ಲಿ ಎಂಜಲು ಊರುವುದೇ ಕಡಿಮೆ, ಹಾಗಾಗಿ ಕುಡಿಸಿದ ತಕ್ಷಣ ಮಲಗಿಸಿದರೆ ಅಂಟು ಸಿರಪ್ ಹಲ್ಲಿನ ಮೇಲೆ ಬಹಳ ಹೊತ್ತು ಕೂತಿರುತ್ತದೆ. ಇಂಥ ಮಕ್ಕಳ ದವಡೆ ಹಲ್ಲನ್ನು ಕನ್ನಡಿ ಹಿಡಿದು ನೋಡಿದರೆ ಕೆಲವೊಮ್ಮೆ ಉಬ್ಬು ಇರಬೇಕಾದ ಜಾಗದಲ್ಲಿ ಪುಟ್ಟ ಗುಳಿ ಬಿದ್ದು, ತಳದಲ್ಲಿ ಎನಾಮಲ್ ಕೆಳಗಿನ ಹಳದಿ ಪದರ, ಡೆಂಟಿನ್, ಕಾಣುತ್ತಿರುತ್ತದೆ.

ಪ್ರಶ್ನೆ: ಸಿರಪ್ ಆದ ಕೂಡಲೇ ಚೆನ್ನಾಗಿ ಬ್ರಷ್ ಮಾಡಿಸುತ್ತೇವಲ್ಲ ಸರ್?

ಉತ್ತರ: ಅಲ್ಲೇ ಎಡವಟ್ಟು ಆಗುತ್ತಿರುವುದು. ಹುಳಿ ತಾಗಿ ಮೆತ್ತಗಾದ ಎನಾಮಲ್ ಮೇಲೆ ಉಜ್ಜಿದರೆ ಇನ್ನೂ ಜಾಸ್ತಿ ಸವೆಯುತ್ತದೆ. ಸಿರಪ್ಪನ್ನು ರಾತ್ರಿ ಊಟದ ಜೊತೆಗೇ ಕೊಡಬಹುದಾ ಅಂತ ನಿಮ್ಮ ಮಕ್ಕಳ ಡಾಕ್ಟರನ್ನು ಕೇಳಿ. ಕೊಟ್ಟ ಮೇಲೆ ನೀರು ಮುಕ್ಕಳಿಸಿ ಉಗಿಯಲಿ, ಬರದಿದ್ದರೆ ಎರಡು ಗುಟುಕು ನೀರು ಕುಡಿಸಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ಉಜ್ಜಿ. ಆಮೇಲೆ ನೀರು ಬಿಟ್ಟು ಏನೂ ಬೇಡ. ಉಬ್ಬಸಕ್ಕೆ ಸಿರಪ್ ಬದಲು ಸ್ಪೇಸರ್ (ಬಾಯಿಗೂ ಇನ್‌ಹೇಲರ್‌ಗೂ ನಡುವೆ ಜೋಡಿಸುವ ಕೊಳವೆ) ಹಾಕಿ ಇನ್‌ಹೇಲರ್ ಕೊಡಬಹುದಾ ಅಂತಲೂ ಕೇಳಿ ನೋಡಿ. ಇನ್‌ಹೇಲರ್ ಆದ ಮೇಲೂ ಬಾಯಿ ಮುಕ್ಕಳಿಸಬೇಕು.

ಇನ್ನೊಬ್ಬರು: ನಾವು ಶುಗರ್‌ಫ್ರೀ ಸಿರಪ್ಪೇ ತರುತ್ತೇವೆ. ಭಯ ಇಲ್ಲ ತಾನೇ? ಕಬ್ಬಿಣದ ಸಿರಪ್ಪಿಂದ ಮಗನ ಹಲ್ಲು ಕಪ್ಪಾಗಿದೆ, ಅದೂ ಸವೆತವಾ?

ಉತ್ತರ: ಶುಗರ್‌ಫ್ರೀ ಒಳ್ಳೆಯದೇ, ಹುಳುಕು ಕಡಿಮೆಯಾಗುತ್ತದೆ. ಆದರೆ ಸಕ್ಕರೆ ಇಲ್ಲ ಅಂದ ಮಾತ್ರಕ್ಕೆ ಹುಳಿ ಇಲ್ಲ ಅಂತಲ್ಲ, ಲೇಬಲ್ ಓದಿ. ಕಬ್ಬಿಣದ ಸಿರಪ್ಪಿನ ಕಪ್ಪು ಬರೀ ಕಲೆ, ಕ್ಲೀನ್ ಮಾಡಿದರೆ ಹೋಗುತ್ತದೆ, ಅದನ್ನು ನೋಡಿ ಹೆದರಿ ಸಿರಪ್ ಬಿಡಬೇಡಿ.

ಮೊದಲು ಕೇಳಿದ ಅಮ್ಮನಿಗೆ: ಹುಳಿತೇಗು, ವಾಂತಿಯಿಂದಲೂ ಹಲ್ಲು ಹೀಗೇ ಸವೆಯುತ್ತದೆ, ಹಾಗಾಗಿ ಸುಮ್ನೆ ಊಹೆ ಬೇಡ. ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಹೋಗುವಾಗ ಮನೆಯಲ್ಲಿರುವ ಸಿರಪ್ ಬಾಟಲಿಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ.