ಮಗಳ ಕಿವಿ ಸೋರುತ್ತೆ, ರಿಪೋರ್ಟ್ ತುಂಬಾ ‘ಆರ್’: ಮುಂದೇನು?

ಪ್ರಶ್ನೆ (ಹಾವೇರಿ ಕಡೆಯ ಒಬ್ಬ ತಾಯಿ): ಡಾಕ್ಟ್ರೇ, ಮಗಳಿಗೆ 11 ವರ್ಷ. ಎಡಗಿವಿ ಮೂರು ವರ್ಷದಿಂದ ಆಗಾಗ ಸೋರುತ್ತದೆ. ಶೀತ ಆದರೆ ಸಾಕು, ದಿಂಬಿನ ಮೇಲೆ ಹಳದಿ ಕಲೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನುವ ಆಂಟಿಬಯಾಟಿಕ್ ಐದು ಸಲ ಕೊಟ್ಟಿದ್ದೇವೆ, ಮೂರು ಸಲ ಮೆಡಿಕಲ್ ಶಾಪ್‌ನಲ್ಲಿ ನಾವೇ ಕೇಳಿ ತಂದಿದ್ದು. ಈಗ ಕೀವಿನ ಕಲ್ಚರ್ (ಯಾವ ಬ್ಯಾಕ್ಟೀರಿಯಾ ಇದೆ, ಯಾವ ಔಷಧಿಗೆ ಬಗ್ಗುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿಸಿದೆವು. ಸ್ಯೂಡೋಮೊನಾಸ್ ಅನ್ನುವ ಬ್ಯಾಕ್ಟೀರಿಯಾ ಅಂತ ಬಂದಿದೆ. ಅಮಾಕ್ಸಿಸಿಲಿನ್, ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಾಸಿನ್ ಎಲ್ಲಕ್ಕೂ ‘ಆರ್’ (ರೆಸಿಸ್ಟೆಂಟ್, ಅಂದರೆ ಬಗ್ಗುವುದಿಲ್ಲ). ಜೆಂಟಾಮೈಸಿನ್, ಮೆರೊಪೆನೆಮ್‌ಗೆ ಮಾತ್ರ ‘ಎಸ್’ (ಸೆನ್ಸಿಟಿವ್, ಅಂದರೆ ಬಗ್ಗುತ್ತದೆ). ಆಸ್ಪತ್ರೆಗೆ ಸೇರಿಸಿ ಇಂಜೆಕ್ಷನ್ ಕೊಡಿಸಲೇಬೇಕಾ?

ಉತ್ತರ (ಕಿವಿ-ಮೂಗು-ಗಂಟಲು ವೈದ್ಯ): ಗಾಬರಿಯಾಗಬೇಡಿ. ಜ್ವರ, ತಲೆಸುತ್ತು, ಕಿವಿ ಹಿಂದೆ ಊತ, ಮುಖ ಸೊಟ್ಟಗಾಗುವುದು ಇವು ಯಾವುವೂ ಇಲ್ಲ ಅಂದರೆ ಸಾಮಾನ್ಯವಾಗಿ ಇಂಜೆಕ್ಷನ್ ಬೇಕಾಗುವುದಿಲ್ಲ. ಇವುಗಳಲ್ಲಿ ಒಂದಾದರೂ ಇದ್ದರೆ ಇದನ್ನು ಓದುತ್ತಾ ಕೂರಬೇಡಿ, ಇವತ್ತೇ ಆಸ್ಪತ್ರೆಗೆ ಹೊರಡಿ.

ಅಮಾಕ್ಸಿಸಿಲಿನ್ ಸೋತದ್ದರಲ್ಲಿ ಆಶ್ಚರ್ಯವಿಲ್ಲ. ಸ್ಯೂಡೋಮೊನಾಸ್‌ಗೆ ಅದು ಹುಟ್ಟಿನಿಂದಲೇ ತಾಗುವುದಿಲ್ಲ. ಈ ಬ್ಯಾಕ್ಟೀರಿಯಾದ ಹೊರಗೋಡೆಯಲ್ಲಿ ಔಷಧಿ ನುಸುಳುವುದೇ ಕಷ್ಟ. ನುಸುಳಿದ್ದನ್ನು ಹೊರಗೆಸೆಯಲು ಒಳಗೆ ಪಂಪುಗಳಿವೆ, ಒಡೆದು ಹಾಕಲು ಕಿಣ್ವವೂ ಇದೆ. ಅಂದರೆ ಆ ಐದು ಕೋರ್ಸ್ ಈ ಸೋರುವಿಕೆಗೆ ಏನೂ ಮಾಡಿರಲಿಕ್ಕಿಲ್ಲ. ಮಗುವಿನ ಹೊಟ್ಟೆಯಲ್ಲಿರುವ ಬೇರೆ ಬ್ಯಾಕ್ಟೀರಿಯಾಗಳಿಗೆ ಮಾತ್ರ ಒಳ್ಳೆ ತರಬೇತಿ ಸಿಕ್ಕಿರುತ್ತದೆ!

ಸಿಪ್ರೊ ಕತೆಯೇ ಬೇರೆ. ಲ್ಯಾಬ್‌ನವರು ‘ಆರ್’ ಬರೆಯುವುದು ಮಾತ್ರೆ ಅಥವಾ ಇಂಜೆಕ್ಷನ್ ಲೆಕ್ಕದಲ್ಲಿ. ಮಾತ್ರೆ ನುಂಗಿದರೆ ರಕ್ತದಲ್ಲಿ ಸಿಗುವುದು ಮಿಲಿಲೀಟರ್‌ಗೆ ಕೆಲವೇ ಮೈಕ್ರೋಗ್ರಾಂ. ಕಿವಿಗೆ ಹಾಕುವ 0.3% ಸಿಪ್ರೊ ಹನಿಯಲ್ಲಿ ಮಿಲಿಲೀಟರ್‌ಗೆ 3000 ಮೈಕ್ರೋಗ್ರಾಂ ಇರುತ್ತದೆ. ಹಾಗಾಗಿ ಕಾಗದದಲ್ಲಿ ಸೋತ ಔಷಧಿ ಕಿವಿಯಲ್ಲಿ ಎಷ್ಟೋ ಸಲ ಗೆಲ್ಲುತ್ತದೆ. ಎಲ್ಲ ಸಲವೂ ಅಲ್ಲ.

ಆದರೆ ಹನಿ ಒಳಗೆ ತಲುಪಬೇಕಲ್ವಾ? ಕೀವಿನ ಮೇಲೆ ಹನಿ ಬಿಟ್ಟರೆ ಕೆಸರಿನ ಮೇಲೆ ನೀರು ಹೊಯ್ದ ಹಾಗೆ. ಹಳೆಯ ಸೋರುಗಿವಿಯಲ್ಲಿ ಬ್ಯಾಕ್ಟೀರಿಯಾ ಪಾಚಿ ಕಟ್ಟಿಕೊಂಡು ಕೂತಿರುತ್ತದೆ. ಬಯೋಫಿಲ್ಮ್ ಅಂತೀವಿ. ಆ ಲೋಳೆಯೊಳಗೆ ಇರುವಷ್ಟು ಹೊತ್ತು ಸಾಮಾನ್ಯ ಔಷಧಿಗೂ ಅದು ಜಗ್ಗುವುದಿಲ್ಲ. ಅದಕ್ಕೇ ಮೊದಲು ವೈದ್ಯರ ಹತ್ತಿರ ಸಕ್ಷನ್ (ಕೀವು ಹೀರಿ ತೆಗೆಯುವ ನಳಿಕೆ) ಹಾಕಿಸಿ ಕಿವಿ ಕ್ಲೀನ್ ಮಾಡಿಸಿ. ಮನೆಯಲ್ಲಿ ಟಿಶ್ಯೂ ಕಾಗದ ಹೊಸೆದು ಬತ್ತಿ ಮಾಡಿ, ಕಿವಿಯ ಬಾಯಲ್ಲಿ ಮೆಲ್ಲಗೆ ಇಡಿ. ನೆನೆದರೆ ಇನ್ನೊಂದು. ಒಣಬತ್ತಿ ಒಣಗಿಯೇ ಹೊರಬಂದ ಮೇಲೆ ಹನಿ. ಬಾಟಲಿಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದು ಬೆಚ್ಚಗೆ ಮಾಡಿ, ಇಲ್ಲದಿದ್ದರೆ ತಲೆ ಸುತ್ತುತ್ತದೆ. ಮಗುವನ್ನು ಮಗ್ಗುಲಾಗಿ ಮಲಗಿಸಿ ಹನಿ ಹಾಕಿ, ಕಿವಿಯ ತೂತಿನ ಮುಂದಿರುವ ಪುಟ್ಟ ಉಬ್ಬನ್ನು ನಾಲ್ಕೈದು ಸಲ ಒತ್ತಿ. ‘ಅಮ್ಮಾ, ಗಂಟಲು ಕಹಿ’ ಅಂದರೆ ಹೆದರಬೇಡಿ. ಕಿವಿತಮಟೆಯ (ಕಿವಿಯೊಳಗಿನ ತೆಳು ಪರದೆಯ) ತೂತಿನಿಂದ ಔಷಧಿ ಒಳಗಿಳಿದು ಗಂಟಲು ಮುಟ್ಟಿದೆ ಅಂತ ಅರ್ಥ.

ಪ್ರಶ್ನೆ (ಅದೇ ತಾಯಿ): ಜೆಂಟಾಮೈಸಿನ್‌ಗೆ ‘ಎಸ್’ ಇದೆಯಲ್ಲ, ಅದರ ಹನಿಯನ್ನೇ ತಂದು ಹಾಕಿದರೆ?

ಉತ್ತರ: ಸುಮ್ನೆ ತಂದು ಹಾಕಬೇಡಿ. ತಮಟೆ ತೂತಾದ ಕಿವಿಯಲ್ಲಿ ಅದು ಒಳಗಿವಿಗೆ ಇಳಿದು ಶಬ್ದ ಹಿಡಿಯುವ ಸೂಕ್ಷ್ಮ ರೋಮಕೋಶಗಳನ್ನೇ (ಹೇರ್ ಸೆಲ್) ಕೊಲ್ಲಬಹುದು. ಒಮ್ಮೆ ಹೋದ ಆ ಕೋಶ ಮತ್ತೆ ಹುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಸತ್ತು ಕಿವಿಯೂ ಹೋದರೆ ಏನು ಬಂತು?

ಪ್ರಶ್ನೆ (ಇನ್ನೊಬ್ಬರು): ನಾನು ಎರಡು ತಿಂಗಳಿಂದ ಸ್ಟೀರಾಯ್ಡ್ ಸೇರಿದ ಹನಿ ಹಾಕುತ್ತಿದ್ದೇನೆ. ಈಗ ತುಂಬಾ ತುರಿಕೆ, ಹತ್ತಿಯಲ್ಲಿ ಕಪ್ಪು ಚುಕ್ಕೆ.

ಉತ್ತರ: ನೋಡದೆ ಹೇಳಲಾಗದು, ಆದರೆ ಫಂಗಸ್ ಇರುವ ಸಾಧ್ಯತೆ ಜಾಸ್ತಿ. ಒದ್ದೆ ಕಿವಿಗೆ ದಿನಗಟ್ಟಲೆ ಆಂಟಿಬಯಾಟಿಕ್, ಸ್ಟೀರಾಯ್ಡ್ ಬಿದ್ದರೆ ಬೂಷ್ಟು ಬೆಳೆಯುತ್ತದೆ. ಹನಿ ನಿಲ್ಲಿಸಿ, ತೋರಿಸಿ. ಬೆಳ್ಳುಳ್ಳಿ ಎಣ್ಣೆ ಬೇಡ, ಪಕ್ಕದ ಮನೆ ಅಜ್ಜಿ ಎಷ್ಟೇ ಒತ್ತಾಯ ಮಾಡಿದರೂ.

ಪ್ರಶ್ನೆ (ಮೊದಲಿನ ತಾಯಿ, ಮೂರು ವಾರದ ನಂತರ): ಎರಡು ಸಲ ಸಕ್ಷನ್ ಮಾಡಿಸಿದೆವು. ಸಿಪ್ರೊ ಹನಿಯಲ್ಲೇ ಕಿವಿ ಒಣಗಿದೆ! ಇನ್ನು ಬಿಟ್ಟುಬಿಡಬಹುದಾ?

ಉತ್ತರ: ಹನಿ ನಿಲ್ಲಿಸುವುದನ್ನು ನಿಮ್ಮ ವೈದ್ಯರು ಹೇಳಲಿ, ಕಿವಿಯನ್ನು ಬಿಡಬೇಡಿ. ತೂತು ಹಾಗೇ ಇದೆ. ಅದು ತಮಟೆಯ ನಡುವೆ ಇದೆಯೋ, ಮೇಲಿನ ಅಂಚಿನಲ್ಲೋ ಅಂತ ಕೇಳಿ. ಮೇಲಿನ ಅಂಚಲ್ಲಿದ್ದು ಕೆಟ್ಟ ವಾಸನೆಯೂ ಇದ್ದರೆ ಕೊಲೆಸ್ಟಿಯಟೋಮಾ ಅನ್ನುವ ಚರ್ಮದ ಗಂಟು ಬೆಳೆಯುತ್ತಿರಬಹುದು. ಅದು ಮೂಳೆ ಕೊರೆಯುತ್ತದೆ, ಹನಿಗೆ ಬಗ್ಗುವುದಿಲ್ಲ, ಆಪರೇಷನ್ನೇ ಗತಿ. ನಡುವಿನ ತೂತಾದರೆ ಅವಸರವಿಲ್ಲ. ಆಡಿಯೋಗ್ರಾಂ (ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ) ಮಾಡಿಸಿ, ಕಿವಿ ಕೆಲವು ತಿಂಗಳು ಒಣಗಿಯೇ ಇರಲಿ. ಆಮೇಲೆ ಕಿವಿಯ ಮೇಲ್ಭಾಗದ ಸ್ನಾಯುವಿನ ಹೊದಿಕೆಯಿಂದ ತೆಳು ಪೊರೆ ತೆಗೆದು ತೇಪೆ ಹಾಕುತ್ತಾರೆ. ಅಲ್ಲಿವರೆಗೆ ಕೆರೆ, ಬಾವಿಯ ಈಜು ಬಂದ್. ತಲೆಸ್ನಾನಕ್ಕೆ ಮೊದಲು ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡಿ, ಸ್ನಾನ ಆದ ತಕ್ಷಣ ತೆಗೆದುಬಿಡಿ. ಮತ್ತೆ ಸೋರಿದರೆ ಹಳೇ ಚೀಟಿ ಹಿಡಿದು ಮೆಡಿಕಲ್ ಶಾಪ್‌ಗೆ ಹೋಗಬೇಡಿ. ಮತ್ತೆ ಕಲ್ಚರ್ ಬೇಕಾದರೆ ಹೊರಗಿನ ಕೀವು ಒರೆಸಿ, ಒಳಗಿನಿಂದ ಸ್ಯಾಂಪಲ್ ತೆಗೆಯಲು ಹೇಳಿ. ಇಲ್ಲದಿದ್ದರೆ ಬರೀ ಚರ್ಮದ ಬ್ಯಾಕ್ಟೀರಿಯಾದ ಹೆಸರು ಬರಬಹುದು.